ಔಷಧಿ ಚೀಟಿ ಠಾಣೆಗೂ ಹೋಗಲಿ

ಮಾನಸಿಕ ಕಾಯಿಲೆಯವರು ಬೀದಿ ಜಗಳದಲ್ಲಿ ಸಿಕ್ಕಿ ಠಾಣೆ ಸೇರಿದರೆ, ಮನೆಯವರು ಮರ್ಯಾದೆಗೆ ಅಂಜಿ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಇದು ಸರಿಯಲ್ಲ. ಮುಚ್ಚಿಟ್ಟರೆ ರೋಗಿಗೆ ಮಾತ್ರೆ ತಪ್ಪುತ್ತದೆ, ಕಾಯಿಲೆ ಉಲ್ಬಣಿಸುತ್ತದೆ. ಅವರ ನಡತೆಯನ್ನು ನೋಡಿದವರು ಪುಂಡಾಟವೆಂದೇ ತಿಳಿಯುತ್ತಾರೆ.

ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ, ಬೀದಿಯಲ್ಲಿ ಅಲೆಯುವ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು ಲಾಕಪ್ಪಿನಲ್ಲಿಡುವಂತಿಲ್ಲ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊಕದ್ದಮೆಯೇ ಹೂಡಿದ್ದರೂ, ಆರೋಪಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಕಂಡುಬಂದರೆ ನ್ಯಾಯಾಲಯ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಆದರೆ ಹೇಳುವವರೇ ಇಲ್ಲದಿದ್ದರೆ ನ್ಯಾಯಾಧೀಶರಿಗೆ ತಿಳಿಯುವುದಾದರೂ ಹೇಗೆ?

ಆದ್ದರಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ಬರೆಸಿಕೊಂಡ ಚೀಟಿಗಳನ್ನು ಜೋಪಾನವಾಗಿಡಿ. ಠಾಣೆಗೂ ವಕೀಲರಿಗೂ ಒಂದೊಂದು ಝೆರಾಕ್ಸ್ ಪ್ರತಿ ಕೊಡಿ. ಜೈಲಿಗೆ ಹೋದರೆ ಅಲ್ಲಿನ ವೈದ್ಯರಿಗೆ ಮಾತ್ರೆಯ ಹೆಸರು, ಪ್ರಮಾಣ ತಿಳಿಸಿ. ವಕೀಲರ ಫೀಸಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಮನೋರೋಗಿಗಳಿಗೆ ಉಚಿತ ಕಾನೂನು ನೆರವು ಹಕ್ಕು. ಅದಕ್ಕೆ 15100, ಮಾನಸಿಕ ಆರೋಗ್ಯ ಸಲಹೆಗೆ 14416 ಸಂಖ್ಯೆಗೆ ಫೋನ್ ಮಾಡಿ.

ಸಕ್ಕರೆ ಕಾಯಿಲೆಯನ್ನು ಹೇಳಿಕೊಳ್ಳಲು ನಾಚದ ನಾವು ಇದಕ್ಕೇಕೆ ನಾಚಬೇಕು?