ಸುಳ್ಳು ಕುಸ್ತಿ ಯಾರ ಹಟ್ಟಿನೂ ಮುರೀಲಿಲ್ಲ ಕಣ್ರವ್ವ

ಹಲ್ಕ್ ಹೋಗನ್ 2025ರ ಜುಲೈ 24ನೇ ತಾರೀಖು ತೀರ್ಕಂಡ. ಅಮೆರಿಕದ ಪೈಲ್ವಾನ, 71 ವರ್ಷ, ಹಳದಿ ಬನೀನು, ಕುದುರೆ ಲಾಳದಂಗ ಬಿಳಿ ಮೀಸ. ನಮ್ಮ ಬೀದಿಲಿ ಅದ್ಕ ಬೇಜಾರ್ ಮಾಡ್ಕಂಡೋಳು ನಾನೊಬ್ಳೇ ಅಂತ ಕಾಣ್ತದ. ಪಕ್ಕದ ಮನೆಯವ್ರಿಗ ಹೇಳುದ್ರ, "ಅಯ್ಯೋ ಬುಡಕ್ಕ, ಆ ಸುಳ್ಳು ಕುಸ್ತಿಯವ್ನಿಗ ನೀನ್ಯಾಕ ಮರುಗ್ತೀಯ" ಅಂತ ನಕ್ಬುಟ್ರು. ಅವ್ರ ಮನೇಲಿ ಐಪಿಎಲ್ ಬಂತು ಅಂದ್ರ ಎರಡು ತಿಂಗಳು ಸಾಯಂಕಾಲದ ಅಡಿಗೇನೂ ಮ್ಯಾಚಿನ ಟೈಮು ನೋಡ್ಕಂಡೇ ಆಗದು. ಅದು ನಿಜವಾದ ಆಟ, ಇದು ಸುಳ್ಳು ಆಟ. ಈ ಲೆಕ್ಕದ ಮ್ಯಾಲ ನಂದು ಒಸಿ ತಕರಾರು ಅದ.

ನಾನು ಎರಡೂ ನೋಡೋಳು. ನಮ್ಮ ಕಡೀಕ ಕೇಬಲ್ಲು ಬಂದ ಹೊಸದರಲ್ಲಿ, ಮಕ್ಕಳು ಚಿಕ್ಕವು, ಇಸ್ಕೂಲಿಂದ ಬಂದು ಚೀಲ ಬಿಸಾಕಿ ಡಬ್ಲ್ಯೂಡಬ್ಲ್ಯೂಎಫ್ ಹಾಕವು. ನಾನು ಅವರೆಕಾಯಿ ಸುಲೀತಾ ಕುಂತ್ಕಂಡು ನೋಡ್ತಾ ನೋಡ್ತಾ ಹುಚ್ಚು ಹತ್ತುಸ್ಕಂಡೆ. ಅಂಡರ್‌ಟೇಕರ್ ಬರೋವಾಗ ದೀಪ ಎಲ್ಲಾ ಆರೋಗದು, ಗಂಟೆ ಬಾರ್ಸದು. ನಮ್ಮ ಚಿಕ್ಕವ್ವ ಒಬ್ರು "ಇದ್ಯಾವ ದೆವ್ವ ಬಂತವ್ವ ಮನೆ ಒಳಕ್ಕ" ಅಂತ ಎದ್ದು ಒಳಗ ಹೋಗ್ಬುಡೋರು. ಮಕ್ಕಳತ್ರ ಕಾರ್ಡು ಬೇರೆ. ಯಾರ ಎತ್ತರ ಎಷ್ಟು, ತೂಕ ಎಷ್ಟು, ಎಷ್ಟನೇ ರ‍್ಯಾಂಕು, ಮಗ್ಗಿ ಬರದ ಮಕ್ಕಳಿಗೂ ಅದು ಬಾಯಿಪಾಠ.

ಅದು ಮೊದಲೇ ಮಾತಾಡ್ಕಂಡು ಆಡೋ ಆಟ ಅಂತ ನನಗ ಬೇಗನೇ ಗೊತ್ತಾಯ್ತು. ಗೊತ್ತಾದ್ಮೇಲೂ ನೋಡ್ದೆ. ಯಾಕಂದ್ರ ನಮ್ಮೂರ ಕಡೆ ಕುರುಕ್ಷೇತ್ರ ನಾಟಕ ಆಡ್ತರಲ್ಲ, ರಾತ್ರಿ ಎಲ್ಲಾ ಕುಂತ್ಕಂಡು ನೋಡಿ ಬೆಳಗಿನ ಜಾವ ಭೀಮ ದುರ್ಯೋಧನನ ತೊಡೆಗ ಗದೆಲಿ ಹೊಡೀತನಲ್ಲ, ಆಗ ಯಾರಾರ ಎದ್ದು "ಇದು ಸುಳ್ಳು, ಆ ಗದೆ ರಟ್ಟಿಂದು" ಅಂತ ಕೂಗಾರಾ? ದುರ್ಯೋಧನ ಬಿದ್ದೇ ಬೀಳ್ತನ ಅಂತ ಮೂರು ವರ್ಷದ ಕೂಸಿಗೂ ಗೊತ್ತು. ಎಂಗ ಬೀಳ್ತನ, ಬೀಳೋಕ್ಮುಂಚ ಎಷ್ಟು ಹಾರಾಡ್ತನ, ಅದ ನೋಡಕ ಹೋಗದು. ಹಲ್ಕ್ ಹೋಗನ್ ಏಟು ತಿಂದು ತಿಂದು ಬಿದ್ದು, ಇನ್ನೇನು ಮುಗೀತು ಅನ್ನೋವಾಗ ಮೈ ನಡುಗಿಸ್ಕಂಡು ಎದ್ದು ಬೆಳ್ಳು ತೋರ್ಸೋನಲ್ಲ, ಅದು ಭೀಮನೇ ಕಣ್ರವ್ವ, ಬನೀನು ಹಾಕಂಡ ಭೀಮ. 1987ರಲ್ಲಿ ಆಂಡ್ರೆ ಅನ್ನೋ ರಾಕ್ಷಸನಂಥ ಆಳ್ನ ಎತ್ತಿ ನೆಲಕ್ಕ ಕೆಡವಿದ್ದ ನಾನು ಆಮ್ಯಾಲ ಮಗನ ಮೊಬೈಲಲ್ಲಿ ನೋಡ್ದೆ. ಎಷ್ಟು ಸಲ ನೋಡುದ್ರೂ ರೋಮ ಎದ್ನಿಂತ್ಕತ್ತದ.

ಇನ್ನೊಂದು ಕೇಳಿ. ಆ ಕುಸ್ತಿ ಕಂಪನಿ ಸುಳ್ಳು ಹೇಳ್ಕಂಡೇ ಬದುಕಲಿಲ್ಲ. 1989ರಲ್ಲೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸರ್ಕಾರದ ಮುಂದ, ನಮ್ಮದು ಪಂದ್ಯ ಅಲ್ಲ, ಮನರಂಜನೆ ಅಂತ ಬಾಯ್ಬಿಟ್ಟು ಒಪ್ಕಂಡ್ರು. ಸತ್ಯದ ಮ್ಯಾಲಿನ ಪ್ರೀತಿಗಲ್ಲ, ತೆರಿಗೆ, ಲೈಸೆನ್ಸು ತಪ್ಪುಸ್ಕಳಾಕ. ಆದ್ರೂ ಒಪ್ಕಂಡ್ರು. ಅಲ್ಲಿಗ ಲೆಕ್ಕ ಚುಕ್ತಾ. ನೋಡೋರಿಗ ಇಷ್ಟ ಇದ್ರ ಟಿಕೆಟ್ ತಗಬೇಕು, ಇಲ್ದಿದ್ರ ಬುಡಬೇಕು.

ಸೋಲು ಗೆಲುವು ಸುಳ್ಳು, ಬೀಳೋದು ಸುಳ್ಳಲ್ಲ. 1998ರಲ್ಲಿ ಮಿಕ್ ಫೋಲಿ ಅನ್ನೋವ್ನ ಕಬ್ಬಿಣದ ಪಂಜರದ ಮ್ಯಾಲಿಂದ ಅಂಡರ್‌ಟೇಕರ್ ಕೆಳಕ್ಕ ಎಸೆದ. ಆ ಮೇಜು ಮುರಿದದ್ದು ನಿಜ, ಅವ್ನ ಮೈ ನುಜ್ಜಾದ್ದೂ ನಿಜ. ಮಾರನೆ ವರ್ಷ ಓವನ್ ಹಾರ್ಟ್ ಅಂತ ಒಬ್ಬ, ಹಗ್ಗ ಕಟ್ಕಂಡು ಮ್ಯಾಲಿಂದ ಇಳೀವಾಗ ಕೊಂಡಿ ಬಿಚ್ಕಂಡು ಬಿದ್ದು ಸತ್ತೇಹೋದ. ಹೆಂಡ್ತಿ ಮಕ್ಕಳಿದ್ದವ್ನು. ಆವತ್ತು ಕಾರ್ಯಕ್ರಮ ನಿಲ್ಲಿಸ್ದೇ ಮುಂದುವರೆಸುದ್ರಲ್ಲ, ಆ ಕಂಪನಿಯವ್ರ ನಾನು ಅದೊಂದ್ಕ ಇವತ್ತಿಗೂ ಕ್ಷಮಿಸಿಲ್ಲ. ನಮ್ಮ ಬೀದಿಲೂ ಒಂದು ಹುಡ್ಗ ಮಂಚದಿಂದ ತಮ್ಮನ ಮ್ಯಾಲ ಹಾರಿ ಇಬ್ರದ್ದೂ ಕೈ ಉಳುಕುಸ್ಕಂಡು ಕುಂತಿದ್ವು. ಇದ್ಯಾವ್ದನ್ನೂ ನಾನು ಮುಚ್ಚಿಡಕ ಹೋಗಲ್ಲ.

ನಮ್ಮಪ್ಪನ ಕಾಲ್ದಲ್ಲಿ ದಾರಾಸಿಂಗ್ ಇದ್ರು. ಅವ್ರೂ ಕಿಂಗ್‌ಕಾಂಗ್ ಅಂತ ಹಂಗೇರಿ ದೇಶದ ದಢೂತಿ ಪೈಲ್ವಾನೂ ಟಿಕೆಟ್ ಇಟ್ಟು ಊರೂರಲ್ಲಿ ಕುಸ್ತಿ ಆಡ್ತಿದ್ರು. ನಾವು ದಾರಾಸಿಂಗ್‌ನ ನೋಡಿದ್ದು ಟೀವಿ ರಾಮಾಯಣದ ಹನುಮಂತನಾಗಿ. ನಮ್ಮ ಓಣಿ ಅಜ್ಜಿ ಒಬ್ರು ಟೀವಿ ಮುಂದ ಕರ್ಪೂರ ಹಚ್ಚೋರು. ಅದೂ ವೇಷ ಅಂತ ಆ ಅಜ್ಜಿಗ ಗೊತ್ತಿರಲಿಲ್ವಾ? ಗೊತ್ತಿತ್ತು.

ನಿಜವಾದ ಕುಸ್ತಿ ಬೇಕಾ, ದಸರಾಕ ಮೈಸೂರ್ಗ ಹೋಗಿ. ಗರಡಿ ಮನೆ ಹುಡುಗ್ರು ಮಟ್ಟಿಗ ಇಳಿದ್ರ ಬೆನ್ನು ಮಣ್ಣಿಗ ತಾಗೋವರ್ಗೂ ಬುಡಲ್ಲ. ಮೊದಲೇ ಒಂದು ದಿನ ಜೋಡಿ ಕಟ್ತರ, ತೂಕಕ್ಕ ತೂಕ, ಪಟ್ಟಿಗ ಪಟ್ಟು ನೋಡಿ, ಗಂಡು ಹೆಣ್ಣು ನೋಡ್ದಂಗ. ವಿಜಯದಶಮಿ ದಿನ ಅರಮನೆ ಕರಿಕಲ್ಲು ತೊಟ್ಟಿಲಿ ವಜ್ರಮುಷ್ಟಿ ಕಾಳಗ. ಅದ್ಕ ನಮ್ಮ ಚಾಮರಾಜನಗರದ ಜೆಟ್ಟಿಗಳೂ ಹೋಗ್ತರ, ಮೈಸೂರು, ಚನ್ನಪಟ್ಟಣ, ಬೆಂಗಳೂರಿನವ್ರೂ ಬರ್ತರ. ತಲೆ ಬೋಳಿಸ್ಕಂಡು, ಕೈಗ ಮೊನೆ ಇರೋ ಮುಷ್ಟಿ ಹಾಕಂಡು ಇಳೀತರ. ಒಬ್ಬನ ತಲೇಲಿ ರಕ್ತ ಕಾಣ್ತು ಅಂದ್ರ ಮುಗೀತು, ನಿಲ್ಸುಬುಡ್ತರ. ಎರಡು ನಿಮಿಷನೂ ಆಗಿರಲ್ಲ. ಅದರ ಮುಂದ ಎಲ್ಲಾ ಪಂಜರದ ಕುಸ್ತಿನೂ ಸಪ್ಪೆ ಅಂತ ನಮ್ಮನೆಯವ್ರು ಹೇಳ್ತರ, ಅದು ಸರಿನೇ.

ಇನ್ನು ಕ್ರಿಕೆಟ್ಟು. ನಾನು ಆರ್‌ಸಿಬಿಯೋಳೇ, ಅನುಮಾನ ಬ್ಯಾಡ. 2024ರ ಮಾರ್ಚ್ 17, ಡೆಲ್ಲಿಲಿ ಹೆಣ್ಮಕ್ಕಳ ಫೈನಲ್ಲು. ಡೆಲ್ಲಿಯವ್ರು ಒಂದೂ ವಿಕೆಟ್ ಬೀಳ್ದಂಗ 64 ಹೊಡೆದಿದ್ರು, ಆಯ್ತು ಇವತ್ತೂ ಹೋಯ್ತು ಅಂತ ನಾನು ಸಾರಿಗ ಒಗ್ಗರಣೆ ಹಾಕಾಕ ಎದ್ದೆ. ಸೋಫಿ ಮೊಲಿನೊ ಒಂದೇ ಓವರಲ್ಲಿ ಮೂರು ತಗದ್ಳು. ಆಮ್ಯಾಲ ನಮ್ಮ ಕನ್ನಡದ ಹುಡ್ಗಿ ಶ್ರೇಯಾಂಕಾ ಪಾಟೀಲ 12 ರನ್ ಕೊಟ್ಟು 4 ವಿಕೆಟ್. 113ಕ್ಕ ಎಲ್ಲಾ ಔಟು. ಒಗ್ಗರಣೆ ಸೀದೋಯ್ತು, ಹೋಗ್ಲಿ. ಗಂಡಸ್ರು 16 ವರ್ಷದಿಂದ ಕಾಯ್ಕಂಡಿದ್ದ ಆರ್‌ಸಿಬಿ ಕಪ್ಪು ಮೊದಲು ತಂದೋರು ನಮ್ಮ ಹೆಣ್ಮಕ್ಕಳು. ಗಂಡಸ್ರದ್ದು ಬಂದದ್ದು 2025ರ ಜೂನ್ 3ಕ್ಕ, ಪಂಜಾಬಿನ ಮ್ಯಾಲ ಬರೀ 6 ರನ್ನಲ್ಲಿ. ಮಾರನೆ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ನೂಕುನುಗ್ಗಲಲ್ಲಿ 11 ಜನ ಸತ್ರು. ಯಾರ್ಯಾರ ಮನೆ ಮಕ್ಕಳೋ. ಆ ಕಪ್ಪಿನ ಫೋಟೋ ನೋಡುದ್ರ ಈಗ್ಲೂ ನನಗ ಪೂರ್ತಿ ಖುಷಿ ಆಗಲ್ಲ.

ಅದಿರ್ಲಿ, ನಿಜದ ಆಟ ಯಾವಾಗ್ಲೂ ನಿಜವಾಗೇ ಇರ್ತದಾ ಅನ್ನದ ಕೇಳಬೇಕಲ್ವಾ. ಅಮೆರಿಕದವ್ರಿಗ ನಮ್ಮ ಕ್ರಿಕೆಟ್ ಇದ್ದಂಗ ಬೇಸ್‌ಬಾಲ್ ಅದ, ಅದೂ ದಾಂಡು ಚೆಂಡಿನ ಆಟನೇ. 1919ರಲ್ಲಿ ಅವ್ರ ದೊಡ್ಡ ಫೈನಲ್ಲಲ್ಲಿ ಶಿಕಾಗೋ ತಂಡದ ಎಂಟು ಆಟಗಾರರು ಜೂಜಿನವ್ರ ಜೊತೆ ಸೇರ್ಕಂಡು ಬೇಕಂತಲೇ ಸೋಲಕ ಒಪ್ಕಂಡ್ರು ಅಂತ ಕೇಸಾಯ್ತು. ಕೋರ್ಟು ಬುಟ್ಟುಬುಡ್ತು, ಆದ್ರ ಆಟದವ್ರು ಬುಡಲಿಲ್ಲ, 1921ರಲ್ಲಿ ಎಂಟೂ ಜನ್ರನ್ನ ಜೀವನ ಪೂರ್ತಿ ಆಡ್ದಂಗ ಮಾಡುದ್ರು. ಇಲ್ಲಿ 2013ರಲ್ಲಿ ಐಪಿಎಲ್‌ದು ಬಯಲಾಯ್ತು, ಚೆನ್ನೈ, ರಾಜಸ್ಥಾನ ತಂಡಗಳ ಎರಡು ವರ್ಷ ಹೊರಗ ಇಟ್ರು. 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗಲ್ಲೇ ಆಟಗಾರರ್ನ ಪೊಲೀಸ್ನೋರು ಹಿಡ್ಕಂಡು ಹೋದ್ರು. ಕುಸ್ತಿಯವ್ನು ಮಾತಾಡ್ಕಂಡು ಬಿದ್ರ ನಾಟಕ, ಕ್ರಿಕೆಟ್ಟಿನವ್ನು ಮಾತಾಡ್ಕಂಡು ಔಟಾದ್ರ ಮೋಸ. ಯಾಕಂದ್ರ ಇವ್ನು ನಿಜ ಅಂತ ನಂಬ್ಸಿ ಔಟಾಗ್ತಾನ. ನಂಬ್ಕಂಡು ದುಡ್ಡು ಇಟ್ಟವ್ರು ಎಲ್ಲೋ ಒಂದು ಕಡೆ ಕುಂತಿರ್ತರ.

ನನ್ನ ತಕರಾರು ಆ ದುಡ್ಡಿಂದು ಕಣ್ರಕ್ಕ. ನಿಮಗೂ ಗೊತ್ತು, ಯಾರೂ ಬಾಯಿ ಬುಡಲ್ಲ ಅಷ್ಟೇ. ನನಗ ಗೊತ್ತಿರೋ ಒಂದು ಮನೇಲಿ, ಹೆಸರು ಬ್ಯಾಡ, ಊರೂ ಬ್ಯಾಡ, ಮಗ ಫೋನಲ್ಲಿ ತಂಡ ಕಟ್ಟೋದು ಅಂತ ಸುರು ಮಾಡ್ದ. 49 ರೂಪಾಯಿ. ಆಮ್ಯಾಲ ಅಂಗಡಿ ಹತ್ರ ಓವರಿಗಿಷ್ಟು ಅಂತ ಬೆಟ್ಟಿಂಗು. ಅವ್ವ ಸಂಘದಲ್ಲಿ ಹಸ ತಗಳಾಕ ಅಂತ ಸಾಲ ಎತ್ತಿದ್ಲು. ಹಸ ಬರಲೇ ಇಲ್ಲ. ಆಮ್ಯಾಲ ಓಲೆ ಹೋಯ್ತು. ಸಂಘದ ಕಂತು ಕಟ್ಟಾಕಾಗ್ದೆ ಆವಮ್ಮ ಮೀಟಿಂಗಿಗ ಬರೋದ್ನೇ ಬುಟ್ಲು, ಉಳಿದ ಹೆಂಗಸ್ರು ಸೇರಿ ಅವಳ ಪಾಲು ಕಟ್ಟುದ್ರು. ಅಂಡರ್‌ಟೇಕರ್ ಗೆಲ್ತನಾ ಅಂತ ದುಡ್ಡು ಕಟ್ಟಿ ಓಲೆ ಕಳ್ಕಂಡೋರ ನಾನು ಇಷ್ಟು ವರ್ಷದಲ್ಲಿ ಒಬ್ರ ಕಂಡಿಲ್ಲ. ಕಾರ್ಡು ಆಟದಲ್ಲಿ ಮಕ್ಕಳು ಕಳ್ಕಂಡದ್ದು ಕಾರ್ಡೇ.

"ಆಟದ ತಪ್ಪೇನು, ಆಡೋರ ತಪ್ಪು" ಅಂತೀರ. ಆಟದ ತಪ್ಪು ಅಂತ ನಾನೂ ಹೇಳ್ತಿಲ್ಲ. ಆದ್ರ ಮ್ಯಾಚಿನ ಮಧ್ಯ ಮಧ್ಯ ದೊಡ್ಡ ದೊಡ್ಡ ಆಟಗಾರರೇ ಬಂದು ತಂಡ ಕಟ್ಟಿ, ಕೋಟಿ ಗೆಲ್ಲಿ ಅಂತ ವರ್ಷಾನುಗಟ್ಲೆ ಕರೆದ್ರಲ್ಲ, ಅದು ಯಾರ ತಪ್ಪು? ಕೊನೆಗ ಒಂದು ಸಣ್ಣ ಅಕ್ಷರದಲ್ಲಿ, ಓಡೋ ಮಾತಲ್ಲಿ, ಚಟ ಹತ್ತಬಹುದು ಜ್ವಾಕೆ ಅಂತ ಹೇಳಿ ಕೈ ತೊಳ್ಕಳೋರು. ಔಷಧಿ ಬಾಟ್ಲಿ ಮ್ಯಾಲೂ ಅದ್ಕಿಂತ ದಪ್ಪಕ್ಷರ ಇರ್ತದ.

2025ರ ಆಗಸ್ಟಲ್ಲಿ ಪಾರ್ಲಿಮೆಂಟು ಕಾನೂನು ಮಾಡ್ತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಯಾರೂ ನಡೆಸಂಗಿಲ್ಲ, ನಡೆಸುದ್ರ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ. ಆಡಿದವ್ರಿಗ ಶಿಕ್ಷೆ ಇಲ್ಲ, ಅದು ಸರಿಯಾಗೇ ಮಾಡವ್ರೆ. ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಸುದ್ವು. ಸಂತೋಷ. ಆದ್ರ ಅಂಗಡಿ ಹಿಂದ ಚೀಟಿ ಬರ್ಕಳೋವ್ನಿಗ ಪಾರ್ಲಿಮೆಂಟು ಕಾಣ್ತದಾ? ಅವ್ನ ಮುಂದಿನ ಐಪಿಎಲ್‌ಗೂ ಅಲ್ಲೇ ಇರ್ತಾನ.

ಅದ್ಕ ನಾನು ಹೇಳದು, ಹೆಂಗಸ್ರು ಕ್ರಿಕೆಟ್ ಗೊತ್ತಿಲ್ಲ ಅಂತ ಅಡಿಗೆ ಮನೆಗ ಹೋಗ್ಬ್ಯಾಡಿ. ಗೊತ್ತು ಮಾಡ್ಕಳಿ. ಓವರ್ ಅಂದ್ರ ಆರು ಬಾಲು, ಅಷ್ಟು ಕಷ್ಟ ಇಲ್ಲ. ಮಗನ ಪಕ್ಕದಲ್ಲೇ ಕುಂತ್ಕಳಿ. ಸಿಕ್ಸ್ ಹೋದಾಗ ಅವ್ನ ಟೀವಿ ನೋಡ್ತನಾ ಫೋನು ನೋಡ್ತನಾ ಅಂತ ಗೊತ್ತಾಯ್ತದ. ಆರ್‌ಸಿಬಿ ಗೆದ್ದಾಗ ಮುಖ ಸಪ್ಪಗಾದ್ರ, ಕೇಳಿ, ಯಾವ ತಂಡದ ಮ್ಯಾಲ ಕಟ್ಟಿದ್ದಪ್ಪ ಅಂತ. ಸಂಘದ ಸಾಲಕ್ಕ ಸಹಿ ಹಾಕೋ ಮೊದಲು ಹಸ ಕಣ್ಣಲ್ಲಿ ನೋಡಿ ಹಾಕಿ.

ಹೆಣ್ಮಕ್ಕಳ ಲೀಗು ಮತ್ತ ಬತ್ತದಲ್ಲ, ಕೊಳ್ಳೇಗಾಲದಲ್ಲಿ ಇರೋರು ನಮ್ಮನೆಗೇ ಬನ್ನಿ. ಹನೂರು, ಯಳಂದೂರಿನವ್ರು ಕಡೇ ಬಸ್ಸಿನ ಟೈಮು ನೋಡ್ಕಂಡು ಬನ್ನಿ, ಇಲ್ದಿದ್ರ ಉಳ್ಕಳಿ. ಕಡ್ಲೆಪುರಿ, ಕಾಫಿ ನಂದು. ಆಟ ಮುಗುದ್ಮೇಲೆ ಇಷ್ಟ ಇದ್ದೋರಿಗ ಹಲ್ಕ್ ಹೋಗನ್ ಆಂಡ್ರೆನ ಎತ್ತಿದ್ದು ಹಾಕ್ತೀನಿ. ನಗೋರು ನಗಿ.