ಕ್ಯಾಮರಾಗೊಂದು ಚಾಳೀಸು

ಮೊನ್ನೆ ಬೆಂಗಳೂರಿಂದ ಗೆಳೆಯನ ಫೋನು. ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಡೈವಿಂಗ್ ರುಚಿ ಹತ್ತಿಸ್ಕೊಂಡು, ಈಗ ನಮ್ಮ ಮಲೇಶಿಯಾದ ಮಾಬುಲ್ ದ್ವೀಪಕ್ಕೆ ಬರ್ತೀನಿ ಅಂತ ಕೂತಿದ್ದಾನೆ. ಕ್ಯಾಮರಾ ಇದೆ, ನೀರು ಹೋಗದ ಹೌಸಿಂಗ್ ಇದೆ. "ಮ್ಯಾಕ್ರೋಗೆ ವೆಟ್ ಲೆನ್ಸ್ ತಗೋಬೇಕು ಕಣೋ. ಪ್ಲಸ್ ಐದೋ, ಪ್ಲಸ್ ಹತ್ತೋ? ಹತ್ತೇ ವಾಸಿ ಅಲ್ವಾ, ದೊಡ್ಡದಾಗಿ ಕಾಣ್ಸುತ್ತೆ" ಅಂದ. ಐದೇ ತಗೋ ಅಂದೆ. "ಜಿಪುಣ!" ಅಂತ ನಕ್ಕ. ಇದು ದುಡ್ಡಿನ ಮಾತಲ್ಲ. ಫೋನಲ್ಲಿ ಬಿಡಿಸಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಮಾಬುಲ್ ಬಗ್ಗೆ ಒಂದೆರಡು ಮಾತು. ಸಬಾ ರಾಜ್ಯದ ಸೆಂಪೋರ್ನಾ ಊರಿಂದ ದೋಣಿ ಹತ್ತಿದರೆ ಒಂದು ಗಂಟೆಯೊಳಗೆ ತಲುಪಬಹುದು. ಪಕ್ಕದ ಸಿಪಡಾನ್‌ನಲ್ಲಿ ಆಮೆ, ಬರಕುಡಾ ಮೀನಿನ ಹಿಂಡು ಅಂತ ದೊಡ್ಡ ದೊಡ್ಡ ದೃಶ್ಯಗಳು. ಮಾಬುಲ್, ಕಪಲಾಯ್‌ಗಳದ್ದು ಬೇರೆಯೇ ಕಥೆ. ಮರಳು, ಕೊಳೆತ ಮರದ ತುಂಡು, ಮುರಿದ ಹವಳ. ಮೊದಲ ಸಲ ಇಳಿದವರು 'ಇದೇನು ತಿಪ್ಪೆಗುಂಡಿ?' ಅಂತಾರೆ. ಆದರೆ ಆ ತಿಪ್ಪೆಯಲ್ಲೇ ಕಪ್ಪೆಮೀನು, ಚಿಪ್ಪಿಲ್ಲದ ಬಣ್ಣಬಣ್ಣದ ಬಸವನಹುಳು, ಅಡಿಕೆಗಿಂತಲೂ ಚಿಕ್ಕ ಜೀವಿಗಳು. ಮ್ಯಾಕ್ರೋ ಹುಚ್ಚಿನವರಿಗೆ ಇದೇ ಕಾಶಿ.

ವೆಟ್ ಲೆನ್ಸ್ ಅಂದರೆ ಕ್ಯಾಮರಾದ ಚಾಳೀಸು, ಅಷ್ಟೇ. ಹೌಸಿಂಗಿನ ಹೊರಗೆ, ನೀರೊಳಗೇ ಹಾಕಿ ತೆಗೆಯಬಹುದು. ನಲವತ್ತು ದಾಟಿದವರು ಪೇಪರ್ ಓದೋಕೆ ಹಾಕ್ಕೊಳ್ಳೋ ಕನ್ನಡಕದ ಪವರನ್ನೂ ಇದರ ಪವರನ್ನೂ ಅಳೆಯೋದು ಡಯಾಪ್ಟರ್‌ನಲ್ಲೇ. ಲೆಕ್ಕ ಸುಲಭ: 100 ಸೆಂಟಿಮೀಟರನ್ನ ಪವರಿನಿಂದ ಭಾಗಿಸಿ. +5 ಅಂದರೆ 20 ಸೆಂ.ಮೀ., +10 ಅಂದರೆ 10 ಸೆಂ.ಮೀ. ಲೆನ್ಸ್ ಹಾಕಿದ ಮೇಲೆ ಫೋಕಸ್ ಸಿಗುವ ಅತಿ ಹೆಚ್ಚಿನ ದೂರ ಹೆಚ್ಚುಕಮ್ಮಿ ಇಷ್ಟೇ. ನಮ್ಮಜ್ಜಿ ಲೆಕ್ಕದಲ್ಲಿ +5ಕ್ಕೆ ಒಂದು ಗೇಣು, +10ಕ್ಕೆ ಅರ್ಧ ಗೇಣು.

'ಮನೆಯಲ್ಲಿ ಹಳೇ ಕ್ಲೋಸಪ್ ಫಿಲ್ಟರ್ ಇದೆ, ಅದನ್ನೇ ಹೊರಗೆ ಸಿಕ್ಕಿಸಿದರೆ?' ಅಂತ ಕೇಳೋರಿದ್ದಾರೆ. ಆಗಲ್ಲ. ಗಾಜು ಬೆಳಕನ್ನ ಬಗ್ಗಿಸೋದು ಗಾಳಿಗೂ ತನಗೂ ಇರೋ ವ್ಯತ್ಯಾಸದಿಂದ. ಗಾಳಿಯ ವಕ್ರೀಭವನ ಸೂಚ್ಯಂಕ 1, ನೀರಿನದು 1.33, ಮಾಮೂಲಿ ಗಾಜಿನದು 1.52. ನೀರಲ್ಲಿ ಮುಳುಗಿಸಿದರೆ ವ್ಯತ್ಯಾಸವೇ ಕಮ್ಮಿ, ಲೆನ್ಸಿನ ಶಕ್ತಿ ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತೆ. ಅದಕ್ಕೇ ಒಳ್ಳೆ ವೆಟ್ ಲೆನ್ಸ್‌ಗಳಲ್ಲಿ ಗಾಜುಗಳ ನಡುವೆ ಗಾಳಿ ತುಂಬಿ ಮುಚ್ಚಿರ್ತಾರೆ. ಬೆಲೆ ಸುಮ್ಮನೆ ಹೆಚ್ಚಾಗಿಲ್ಲ.

ಈಗ ನನ್ನ ತಪ್ಪಿನ ಕಥೆ. ನಾನೂ ಗೆಳೆಯನ ಹಾಗೇ +10 ಕೊಂಡೋನು. ಮೊದಲ ಟ್ರಿಪ್ಪಿನಲ್ಲೇ ಗೈಡ್ ಒಂದು ಬೀಸಣಿಗೆ ಹವಳದ ಮುಂದೆ ನಿಲ್ಲಿಸಿ ಬೆರಳು ತೋರಿಸಿದ. ಪಿಗ್ಮಿ ಕಡಲಕುದುರೆ, ಬಾರ್ಗಿಬಾಂಟಿ ಜಾತಿದು. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದ ಜಾರ್ಜ್ ಬಾರ್ಗಿಬಾಂಟ್ ಅಕ್ವೇರಿಯಂಗಾಗಿ ಇಂಥದ್ದೇ ಹವಳ ಕೀಳಿಸಿದಾಗ ಅಕಸ್ಮಾತ್ ಕಣ್ಣಿಗೆ ಬಿದ್ದ ಜೀವಿ ಇದು. ಬೆಳೆದು ನಿಂತರೂ ಎರಡೂವರೆ ಸೆಂಟಿಮೀಟರ್ ದಾಟಲ್ಲ. ಮೈಮೇಲಿನ ಗುಳ್ಳೆಗಳೂ ಹವಳದ ಮೊಗ್ಗಿನಂತೆಯೇ.

ಅರ್ಧ ಗೇಣಿಗೆ ಹೋಗದೆ ಫೋಕಸ್ ಸಿಗಲ್ಲ. ಹೋದೆ. ಕುದುರೆ ಬೆನ್ನು ತಿರುಗಿಸಿತು. ನಾನು ಈ ಕಡೆ ಬಂದೆ, ಅದು ಆ ಕಡೆ ತಿರುಗಿತು. ಅಲೆ ತಳ್ಳಿತು, ಆಧಾರಕ್ಕೆ ಕೈ ಚಾಚಿದೆ. ನನ್ನ ಮೊಣಕೈ ಹವಳದ ಮೇಲೇ ಇತ್ತು ಅಂತ ಗೊತ್ತಾಗಿದ್ದು ಹೊರಗೆ ಬಂದ ಮೇಲೆ, ಜೊತೆಗಿದ್ದವರು ತೆಗೆದ ವಿಡಿಯೋ ನೋಡಿದಾಗ. ಅರವತ್ತು ಫೋಟೋದಲ್ಲಿ ಎರಡು ಸರಿ ಬಂದಿದ್ದವು. ಮನೆಯಲ್ಲಿ ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಆ ಮೊಣಕೈಯೇ ಕಾಣುತ್ತೆ.

ಫ್ಲ್ಯಾಶಿನಿಂದ ಕಡಲಕುದುರೆ ಕುರುಡಾಗುತ್ತೆ ಅನ್ನೋ ಮಾತನ್ನ ನೀವೂ ಕೇಳಿರಬಹುದು. ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದವರು ಭಾಗವಹಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಣ್ಣಿಗೆ ಅಂಥ ಹಾನಿ ಕಾಣಲಿಲ್ಲ. ಮುಟ್ಟೋದು, ಸರಿಸೋದೇ ಆ ಜೀವಿಗಳನ್ನ ಹೆಚ್ಚು ಕಾಡೋದು ಅಂತ ಅವರ ತೀರ್ಮಾನ. ಅಂದರೆ ತೊಂದರೆ ಬೆಳಕಿಂದ ಅಲ್ಲ, ನಮ್ಮ ಕೈಯಿಂದ. ಕೈ ಯಾವಾಗ ಮುಂದೆ ಹೋಗುತ್ತೆ? ಹತ್ತಿರ ಹೋಗಲೇಬೇಕಾದಾಗ. ಹಾಗಾಗಿ ಅಂಗಡಿಯಲ್ಲಿ ಪವರ್ ಆರಿಸುವಾಗಲೇ ಅರ್ಧ ನಡವಳಿಕೆಯನ್ನೂ ಆರಿಸಿಬಿಟ್ಟಿರ್ತೀವಿ.

ಇನ್ನು ಚಿತ್ರದ ಲಾಭ ನೋಡೋಣ. ಫುಲ್ ಫ್ರೇಮ್ ಕ್ಯಾಮರಾದಲ್ಲಿ ನಿಜಗಾತ್ರದ ಚಿತ್ರಕ್ಕೆ ಎಫ್16ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 2 ಮಿ.ಮೀ. ಎರಡು ಪಟ್ಟು ದೊಡ್ಡದು ಮಾಡಿದರೆ 1 ಮಿ.ಮೀ. ಕೂಡ ಇಲ್ಲ. ನೀರಲ್ಲಿ ತೇಲಾಡ್ತಾ ಒಂದು ಮಿಲಿಮೀಟರಿನೊಳಗೆ ನಿಲ್ಲೋದು ಅಂದರೆ ಹುಡುಗಾಟವಲ್ಲ. ಮೂಗು ಸ್ಪಷ್ಟವಾದರೆ ಕಣ್ಣು ಮಸುಕು. ಮೇಲಾಗಿ ಅಷ್ಟು ಹತ್ತಿರ ಲೆನ್ಸಿನ ನೆರಳೇ ಬೆಳಕಿಗೆ ಅಡ್ಡ ಬರುತ್ತೆ.

ಹಾಗಾದರೆ ಕೊಳ್ಳೋದು ಹೇಗೆ? ಮೊದಲು +5 ಅಥವಾ +6. ಇನಾನ್ ಕಂಪನಿಯ ಯುಸಿಎಲ್-165ರ ಹೆಸರಲ್ಲೇ ದೂರ ಇದೆ, 165 ಮಿ.ಮೀ. ನಾಟಿಕ್ಯಾಮ್ ಲೆನ್ಸ್‌ಗಳಲ್ಲಿ ಅಂಕಿ ನೋಡಿ ಮೋಸ ಹೋಗಬೇಡಿ. ದೊಡ್ಡ ಕ್ಯಾಮರಾದ ಎಸ್‌ಎಂಸಿ-2 ತನ್ನ ಅಣ್ಣನಿಗಿಂತ ಜೋರು, ಕಾಂಪ್ಯಾಕ್ಟ್ ಕ್ಯಾಮರಾದ ಸಿಎಂಸಿ-2 ಅಣ್ಣನಿಗಿಂತ ಮೆತ್ತಗೆ. ಕಾಂಪ್ಯಾಕ್ಟ್ ಇದ್ದರೆ ಪೂರ್ತಿ ಝೂಮ್ ಮಾಡಿ, ಆಗಲೇ ವೆಟ್ ಲೆನ್ಸಿನ ಫಲ ಸಿಗೋದು. ಫ್ಲಿಪ್ ಹೋಲ್ಡರ್ ತಗೊಳ್ಳಿ: ಲೆನ್ಸ್ ಪಕ್ಕಕ್ಕಿಟ್ಟು ಜೀವಿಯನ್ನ ಹುಡುಕಿ, ಆಮೇಲೆ ಮುಚ್ಚಳದ ಹಾಗೆ ಮುಂದಕ್ಕೆ ಮಡಚಿ. ಲೆನ್ಸಿಗೂ ಪೋರ್ಟಿಗೂ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಕೊಡವಿ ತೆಗೀರಿ.

+10 ಬೇಡವೇ ಬೇಡ ಅಂತಲ್ಲ. ಮರಳಿನ ಮೇಲೆ ನಿಧಾನಕ್ಕೆ ಹರಿಯೋ ಬಸವನಹುಳುವಿನ ಮುಂದೆ, ಯಾವುದಕ್ಕೂ ಕೈ ತಾಗಿಸದೆ ಒಂದೇ ಜಾಗದಲ್ಲಿ ತೇಲೋಕೆ ಬಂದ ಮೇಲೆ, ಧಾರಾಳವಾಗಿ ಹಾಕ್ಕೊಳ್ಳಿ. ನನ್ನದು ಬೀರುವಿನಲ್ಲಿ ಭದ್ರವಾಗಿದೆ. ಗೆಳೆಯ ಬಂದಾಗ ಕೊಡ್ತೀನಿ, ಒಂದೇ ಶರತ್ತು: ಮೊದಲು ಒಂದು ಗೇಣು ದೂರದಲ್ಲಿ, ಕೈ ಕಟ್ಟಿಕೊಂಡು, ಐದು ನಿಮಿಷ ಆ ಕುದುರೆಯನ್ನ ಸುಮ್ಮನೆ ನೋಡಬೇಕು. ಅದು ಬೆನ್ನು ತಿರುಗಿಸದೆ ಇದ್ದರೆ, ಆಮೇಲೆ ಮಾತಾಡೋಣ.