ದೂರದ ಸರ್ವರು, ಕಿಟಕಿಯ ಮುಂದಿನ ರೈತ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಇದೆ. ೧೯೧೫ರಲ್ಲಿ ಅಲ್ಲಿ ದೊರೆತ ಶಿಲಾಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಇತರ ಶಾಸನಗಳ ‘ದೇವಾನಾಂಪ್ರಿಯ’ನು ಇವನೇ ಎಂಬುದು ದೃಢಪಟ್ಟಿತು. ಇಂತಹ ಗುರುತಿನ ಪರೀಕ್ಷೆ ಇಂದು ಈ ಮೂರು ಊರುಗಳಂಥ ಊರುಗಳ ಕಚೇರಿಗಳಲ್ಲಿ ದಿನವೂ ನಡೆಯುತ್ತದೆ. ಗುಮಾಸ್ತನು ಗಣಕಯಂತ್ರದ ಮುಂದೆ ಕುಳಿತು ಹೆಸರನ್ನೂ ಪಾಸ್‌ವರ್ಡನ್ನೂ ಒತ್ತುತ್ತಾನೆ. ಅವನು ಅವನೇ ಎಂದು ಹೇಳಬೇಕಾದ ಸರ್ವರು ಬೆಂಗಳೂರಿನಂಥ ದೂರದ ನಗರದಲ್ಲಿರುತ್ತದೆ. ಉತ್ತರ ತಡವಾದರೆ ಕಿಟಕಿಯ ಆಚೆ ನಿಂತ ರೈತನೂ ಕಾಯಬೇಕು. ಊರು ದೂರವಾದುದರಿಂದ ತಡವಾಗುತ್ತದೆಂಬ ಸಮಾಧಾನವನ್ನು ನಾವು ಒಪ್ಪಲಾರೆವು.

ಲೆಕ್ಕ ಹಾಕಿ ನೋಡೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿ.ಮೀ. ಸಾಗುತ್ತದೆ. ಎಳೆಯ ಉದ್ದ ೫೦೦ ಕಿ.ಮೀ. ಇದ್ದರೂ ಹೋಗಿಬರಲು ಸೆಕೆಂಡಿನ ೨೦೦ರಲ್ಲೊಂದು ಪಾಲು ಸಾಕು. ಆದರೆ ಪ್ರವೇಶವೆಂಬುದು ಒಂದೇ ಪ್ರಶ್ನೆಯಲ್ಲ. ಸರ್ವರು ಎಲ್ಲಿದೆ, ಪಾಸ್‌ವರ್ಡು ಸರಿಯೇ, ಇವನು ಯಾವ ಕಡತಗಳನ್ನು ನೋಡಬಹುದು ಎಂದು ಒಂದರ ಉತ್ತರ ಬಂದ ಮೇಲೆ ಇನ್ನೊಂದು ಹೊರಡುತ್ತದೆ. ಇಂತಹ ೬೦ ಸುತ್ತುಗಳಿವೆಯೆಂದು ಭಾವಿಸೋಣ. ದಟ್ಟಣೆಯಿಲ್ಲದಾಗ ಒಟ್ಟು ಸೆಕೆಂಡಿನ ಮೂರನೆಯ ಒಂದು ಪಾಲೂ ಆಗದು. ದಟ್ಟಣೆಯಿಂದ ಸುತ್ತಿಗೆ ಕಾಲು ಸೆಕೆಂಡು ಹಿಡಿದರೆ ೧೫ ಸೆಕೆಂಡುಗಳಾಗುತ್ತವೆ. ೩೬,೦೦೦ ಕಿ.ಮೀ. ಎತ್ತರದ ಉಪಗ್ರಹದ ಮೂಲಕವಾದರೆ ಸುಮಾರು ೩೦. ಹೆಚ್ಚು ಹಣ ತೆತ್ತು ಕೊಂಡ ಸಂಪರ್ಕವು ದಟ್ಟಣೆಯನ್ನು ತಗ್ಗಿಸೀತು, ಸುತ್ತುಗಳನ್ನಲ್ಲ.

ಆದುದರಿಂದ ಸುತ್ತುಗಳನ್ನು ಕಡಿಮೆ ಮಾಡಬೇಕು, ಉಳಿದವುಗಳ ಉತ್ತರವು ಹತ್ತಿರದಲ್ಲಿಯೇ ಸಿಗಬೇಕು. ಅಶೋಕನು ಪ್ರಜೆಗಳನ್ನೆಲ್ಲ ಪಾಟಲಿಪುತ್ರಕ್ಕೆ ಕರೆಸಲಿಲ್ಲ. ತನ್ನ ಮಾತಿನ ಪ್ರತಿಗಳನ್ನು ದೂರದೂರದ ಬಂಡೆಗಳ ಮೇಲೆ ಕೊರೆಸಿದನು. ಹಾಗೆಯೇ ಗುರುತಿನ ಪಟ್ಟಿಯ ಪ್ರತಿಯೊಂದನ್ನು ಸಿಂಧನೂರಿನಲ್ಲಿಟ್ಟು, ಲಿಂಗಸುಗೂರು ಮಸ್ಕಿಗಳನ್ನು ಅದಕ್ಕೆ ನೇರವಾಗಿ ಜೋಡಿಸಬಹುದು.

ಸಣ್ಣ ಊರಿನಲ್ಲಿಟ್ಟ ಪ್ರತಿ ಕಳವಾದರೇನು ಗತಿ ಎಂಬ ಆಕ್ಷೇಪವು ನಿರಾಧಾರವಲ್ಲ. ಅದಕ್ಕೆಂದೇ ೨೦೦೮ರ ವಿಂಡೋಸ್ ಸರ್ವರಿನಲ್ಲಿ, ಓದಲು ಮಾತ್ರ ಬರುವ ಪ್ರತಿಯ ವ್ಯವಸ್ಥೆ ಬಂದಿತು. ಅಲ್ಲಿಂದ ಮೂಲವನ್ನು ತಿದ್ದಲಾಗದು. ಅನುಮತಿಯಿತ್ತ ನೌಕರರ ಗುಟ್ಟುಗಳನ್ನು ಮಾತ್ರ ಅಲ್ಲಿ ಉಳಿಸಬಹುದು. ಪೆಟ್ಟಿಗೆ ಕಳವಾದರೆ ಅಷ್ಟು ಜನರ ಪಾಸ್‌ವರ್ಡುಗಳನ್ನು ಕೂಡಲೇ ಬದಲಿಸಬೇಕು.

ಇದಕ್ಕಿಂತ ದೊಡ್ಡ ಅಪಾಯ ವಿಳಂಬದಲ್ಲಿಯೇ ಇದೆ. ಬಾಗಿಲು ತೆರೆಯುವುದು ತಡವಾದಷ್ಟೂ ಅದನ್ನು ತೆರೆದೇ ಇಡುವ ಚಪಲ ಹುಟ್ಟುತ್ತದೆ. ಒಬ್ಬನು ಬೆಳಗ್ಗೆ ಒಳಹೊಕ್ಕರೆ ಸಂಜೆಯವರೆಗೆ ಎಲ್ಲರೂ ಅವನ ಹೆಸರಿನಲ್ಲಿಯೇ ಕೆಲಸ ಮಾಡುತ್ತಾರೆ. ಲೆಕ್ಕ ತಪ್ಪಿದಾಗ ಹೊಣೆ ಯಾರದೆಂದು ತಿಳಿಯದು. ಬೇಗನೆ ತೆರೆಯುವ ಬಾಗಿಲಿಗೇ ಜನರು ಬೀಗ ಹಾಕುತ್ತಾರೆಂಬುದು ನಮ್ಮ ಅಭಿಪ್ರಾಯ. ನಾಳೆ ಇಂತಹ ವ್ಯವಸ್ಥೆಗಳನ್ನು ಕಟ್ಟಲಿರುವ ವಿದ್ಯಾರ್ಥಿಗಳು ದೂರವನ್ನು ದೂರುವ ಮೊದಲು ಸುತ್ತುಗಳನ್ನು ಎಣಿಸಲಿ.